ಗೋಡೆ ಪಕ್ಕದ ಸಾಲು

“ವೆಳ್ಳಂ ಕಳಞ್ಞೋ?”

ಹೋದ ಭಾನುವಾರ ಹನ್ನೊಂದೂಮುಕ್ಕಾಲಿಗೆ ಪಕ್ಕದ ಮನೆಯ ಸರೋಜಿನಿ ಚೇಚಿ ನಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದ ಮಾತಿದು. ನೀರು ಚೆಲ್ಲಿದೆಯಾ, ಅಂತ. (ಚೇಚಿ ಅಂದರೆ ಅಕ್ಕ. ಕೇರಳಕ್ಕೆ ಬಂದು ಹತ್ತು ವರ್ಷದ ಮೇಲಾಯಿತು. ತುಮಕೂರಿಗೆ ಹೋದಾಗ ನನ್ನ ಸ್ವಂತ ಅಕ್ಕನನ್ನೇ ಒಮ್ಮೊಮ್ಮೆ ಚೇಚಿ ಅಂದುಬಿಡುತ್ತೇನೆ.)

“ಯಾವ ನೀರು?”

“ಮರಚ್ಚೀನಿ ಬೇಯಿಸಿದ ನೀರು.”

ಒಲೆಯ ಮೇಲಿದ್ದ ದೊಡ್ಡ ಪಾತ್ರೆಯನ್ನು ತೋರಿಸಿದೆ. ಒಳಗೆ ಕೆಂಪಗೆ, ಗಟ್ಟಿಯಾಗಿ ಕುದಿಯುತ್ತಿತ್ತು. ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಹಿತ್ತಲವರೆಗೂ ಹೋಗಿತ್ತು.

“ಯಾಕೆ ಚೆಲ್ಲಲಿ? ಅದರಲ್ಲೇ ಸಾರು ಮಾಡಿದ್ದೀನಿ,” ಅಂದೆ. ಸ್ವಲ್ಪ ಹೆಮ್ಮೆಯಿಂದಲೇ ಅಂದೆ.

ಚೇಚಿ ಕೈಯಲ್ಲಿದ್ದ ಬಾಳೆಲೆಗಳನ್ನು ಕಟ್ಟೆಯ ಮೇಲಿಟ್ಟರು. ಬಂದು ಒಲೆಯಿಂದ ಸೌದೆ ಹಿಂದಕ್ಕೆ ಎಳೆದರು. ಪಾತ್ರೆಗೆ ತಟ್ಟೆ ಮುಚ್ಚಿದರು. ಆಮೇಲೆ ನನ್ನ ಮುಖ ನೋಡದೆ ಕೇಳಿದರು.

“ಇದನ್ನ ಯಾರಾದರೂ ಕುಡಿದರಾ?”

ಕುಡಿದಿದ್ದರು. ಒಬ್ಬಳೇ. ನನ್ನ ಮಗಳು ಶಶಿ. ಒಂಬತ್ತು ವರ್ಷ. ಉಪ್ಪು ಸರಿಯಾಗಿದೆಯಾ ನೋಡು ಅಂತ ನಾನೇ ಒಂದು ಲೋಟ ಕೊಟ್ಟಿದ್ದೆ. ಚೆನ್ನಾಗಿದೆ ಅಂತ ಇನ್ನೊಂದು ಕೇಳಿದಳು. ಅದನ್ನೂ ಕೊಟ್ಟಿದ್ದೆ.

ಮರಚ್ಚೀನಿ ಅಂದರೆ ನಮ್ಮ ಮರಗೆಣಸು. ಆಲುವದಲ್ಲಿದ್ದಾಗ ಅದೇ ಗೆಡ್ಡೆಗೆ ಕಪ್ಪ ಅನ್ನುತ್ತಿದ್ದರು. ಇಲ್ಲಿ ತಿರುವನಂತಪುರದಲ್ಲಿ ಮರಚ್ಚೀನಿ. ಹೆಸರು ಯಾವುದಾದರೇನು, ಬೇಯಿಸಿದ ಮೇಲೆ ನೀರು ಚೆಲ್ಲಬೇಕು. ಅದರಲ್ಲೂ ಕಹಿ ಜಾತಿ ಅಂತ ಒಂದಿದೆ. ಅದರ ನೀರನ್ನು ಒಂದು ಸಲವಲ್ಲ, ಎರಡು ಮೂರು ಸಲ ಚೆಲ್ಲಬೇಕು. ಚೆಲ್ಲದಿದ್ದರೆ ಅದು ವಿಷ. ಇದು ಈ ಊರಿನ ಪುಟ್ಟ ಮಕ್ಕಳಿಗೂ ಗೊತ್ತು.

ನನಗೆ ಗೊತ್ತಿರಲಿಲ್ಲ.

ನನಗೆ ಗೊತ್ತಿದ್ದದ್ದು ಬಸ್ಸಾರು. ಸೊಪ್ಪು, ಕಾಳು ಏನೇ ಬೇಯಿಸಲಿ, ಬಸಿದ ನೀರನ್ನು ನಮ್ಮ ಕಡೆ ಯಾರು ಚೆಲ್ಲುತ್ತಾರೆ? ಆ ನೀರಿಗೇ ಅಲ್ಲವೇ ಕಾಯಿ, ಮೆಣಸಿನಕಾಯಿ, ಹುಣಸೆಹಣ್ಣು ರುಬ್ಬಿ ಹಾಕುವುದು? ಚೆಲ್ಲಿದರೆ ನಮ್ಮಮ್ಮ ದಿನವೆಲ್ಲಾ ಗೊಣಗುತ್ತಿದ್ದಳು. ಎರಡು ವರ್ಷದ ಹಿಂದೆ ಈ ಪತ್ರಿಕೆಯ ಇದೇ ಪುಟದಲ್ಲಿ ನಾನೇ ಬರೆದಿದ್ದೆನಲ್ಲ, “ಏನೇ ಬೇಯಿಸಿ, ಬಸಿದ ನೀರನ್ನು ಮಾತ್ರ ಚೆಲ್ಲಬೇಡಿ, ಸತ್ವವೆಲ್ಲಾ ಅದರಲ್ಲೇ ಇರುತ್ತದೆ” ಅಂತ. ಮೆಚ್ಚಿ ನಿಮ್ಮಲ್ಲಿ ಕೆಲವರು ಪತ್ರವನ್ನೂ ಹಾಕಿದ್ದಿರಿ. ದಯವಿಟ್ಟು ಆ “ಏನೇ” ಅನ್ನುವ ಪದವನ್ನು ಹೊಡೆದುಹಾಕಿ.

ಇನ್ನೊಂದು ವಿಷಯವನ್ನೂ ನಿಮಗೆ ಹೇಳಬೇಕು. ಏಳು ತಿಂಗಳಿಂದ ಹೇಳದೆ ಇದ್ದೆ.

ನಮ್ಮ ಮನೆಯವರು ಈಗ ಇಲ್ಲ. ಹೋದ ಓಣಂಗೆ ಹತ್ತು ದಿನ ಇರುವಾಗ, ಆಫೀಸಿನಿಂದ ಬಂದು, ಕೊಡೆ ಮೂಲೆಗಿಟ್ಟು, ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ನಮ್ಮ ಸಾಲಿನ ಮಕ್ಕಳೆಲ್ಲಾ ಅವತ್ತು ತಾನೇ ಹೂವಿನ ರಂಗೋಲಿ ಶುರು ಮಾಡಿದ್ದವು. ಮಾರನೆಯ ದಿನ ಯಾವ ಮನೆಯ ಮುಂದೆಯೂ ಹೂವಿರಲಿಲ್ಲ.

ಆಮೇಲೂ ನಾನು ಈ ಪುಟಕ್ಕೆ ವಾರವಾರ ಬರೆದೆ. ಹಪ್ಪಳ, ಸ್ವೆಟರು, ಹಾಲು ಒಡೆಯದಂತೆ ಏನು ಮಾಡಬೇಕು. ಒಂದೆರಡು ಕಡೆ “ಇವರಿಗೆ ಇಷ್ಟ” ಅಂತಲೂ ಬರೆದೆ. ಸುಳ್ಳು ಬರೆಯಬೇಕು ಅಂತಲ್ಲ. ಇಷ್ಟವಿತ್ತು ಅಂತ ಬರೆಯಲು ಕೈ ಬರಲಿಲ್ಲ, ಅಷ್ಟೇ.

ಈಗ ತೋಟದ ವಿಷಯ.

ಪಟ್ಟಂ ಬಡಾವಣೆಯಲ್ಲಿ ನಮ್ಮದು ಆರು ಮನೆಗಳ ಸಾಲು. ಹಿಂದೆ ಆರೂ ಮನೆಗೆ ಸೇರಿ ಒಂದೇ ಹಿತ್ತಲು. ಅಕ್ಕಿ ಸಿಗದೆ ಎಲ್ಲರೂ ರೇಷನ್ ಅಂಗಡಿ ಮುಂದೆ ನಿಲ್ಲುತ್ತಿದ್ದ ಆ ವರ್ಷಗಳಲ್ಲಿ ನಾವು ಆಲುವದಿಂದ ಇಲ್ಲಿಗೆ ಟ್ರಾನ್ಸ್‌ಫರ್ ಆಗಿ ಬಂದೆವು. ಇವರು ಕೇಂದ್ರ ಸರ್ಕಾರದ ಒಂದು ಆಫೀಸಿನಲ್ಲಿ ಟೈಪಿಸ್ಟ್. ಬಂದ ವಾರವೇ ಹಿತ್ತಲು ನೋಡಿ, “ಇಷ್ಟು ಜಾಗ ಸುಮ್ಮನೆ ಬಿದ್ದಿದೆಯಲ್ಲ,” ಅಂದರು. ಕೊನೆಮನೆಯ ಕುರುಪ್ ಸಾರ್ ಆಗಷ್ಟೇ ರಿಟೈರ್ ಆಗಿದ್ದ ಮೇಷ್ಟ್ರು. ಅವರಿಗೆ ಪಾಠ ಹೇಳಲು ಮಕ್ಕಳಿರಲಿಲ್ಲ. ಇಬ್ಬರೂ ಸೇರಿ ಗುದ್ದಲಿ ಹಿಡಿದರು. ಒಂದು ತಿಂಗಳಲ್ಲಿ ಆರು ಮನೆಯವರೂ ಹಿಡಿದರು.

ಇದು ನನ್ನ ಪಾತಿ, ಅದು ನಿನ್ನ ಪಾತಿ ಅಂತಿಲ್ಲ. ಬೆಂಡೆ, ಬದನೆ, ಸುವರ್ಣಗೆಡ್ಡೆ ಬಂದಾಗ ಯಾರಿಗೆ ಬೇಕೋ ಅವರು ಕಿತ್ತುಕೊಳ್ಳಬಹುದು. ಮರಚ್ಚೀನಿಗೆ ಮಾತ್ರ ಬೇರೆ ರೂಲು. ಅದನ್ನು ಕುರುಪ್ ಸಾರ್ ಮಾಡಿದ್ದು. ಮಾರ್ಚ್ ತಿಂಗಳ ಒಂದು ಭಾನುವಾರ ಎಲ್ಲರೂ ಸೇರಿ ಕೀಳಬೇಕು, ಅವತ್ತೇ ಎಲ್ಲರೂ ಸೇರಿ ಉಣ್ಣಬೇಕು, ನೆಟ್ಟವರ ಕೈಯಲ್ಲೇ ಬೇಯಬೇಕು.

ನೆಡುತ್ತಿದ್ದದ್ದು ಇವರು. ಹಾಗಾಗಿ ವರ್ಷಕ್ಕೆ ಒಂದು ದಿನ ಇವರೇ ಅಡುಗೆಯವರು. ಹಿತ್ತಲಲ್ಲಿ ಮೂರು ಕಲ್ಲಿಟ್ಟು, ಪಂಚೆ ಎತ್ತಿ ಕಟ್ಟಿ, ಹೊಗೆಯಲ್ಲಿ ಕಣ್ಣು ಉಜ್ಜಿಕೊಳ್ಳುತ್ತಾ ಬೇಯಿಸುತ್ತಿದ್ದರು. ಆಲುವದ ಲಾಡ್ಜಿನಲ್ಲಿ ಮದುವೆಗೆ ಮೊದಲು ಕಲಿತದ್ದಂತೆ. “ಇವತ್ತು ನಿನಗೆ ರಜ. ಈ ಕಡೆ ತಲೆ ಹಾಕಬೇಡ,” ಅನ್ನುತ್ತಿದ್ದರು. ನಾನು ಹಾಕುತ್ತಿರಲಿಲ್ಲ. ಮುಂದಿನ ವರಾಂಡದಲ್ಲಿ ಚೇಚಿಯ ಜೊತೆ ಹರಟುತ್ತಾ ಕೂತಿರುತ್ತಿದ್ದೆ. ಇವರು ನೀರು ಚೆಲ್ಲುತ್ತಿದ್ದರೋ ಇಲ್ಲವೋ, ನಾನು ನೋಡಿದವಳೇ ಅಲ್ಲ. ಉಳಿದ ದಿನ ನಮ್ಮ ಮನೆಗೆ ಆ ಗೆಡ್ಡೆ ಬರುತ್ತಲೂ ಇರಲಿಲ್ಲ. ಊರಿನಿಂದ ತಂದ ರಾಗಿ ಇರುತ್ತಿತ್ತು.

ಹೋದ ಜೂನ್‌ನಲ್ಲಿ ಮೊದಲ ಮಳೆಗೆ ಇವರು ನೆಟ್ಟ ಕಡ್ಡಿಗಳು. ಗೆಡ್ಡೆ ಬಲಿಯಲು ಒಂಬತ್ತು ತಿಂಗಳು. ನೆಟ್ಟವರು ಇರಲಿಲ್ಲ, ಗಿಡ ಇತ್ತು. ದಿನಾ ಬೆಳಗ್ಗೆ ಹಿತ್ತಲ ಬಾಗಿಲು ತೆಗೆದರೆ ಅದು ನನಗಿಂತ ಎತ್ತರಕ್ಕೆ ನಿಂತಿರುತ್ತಿತ್ತು. ಎಷ್ಟೋ ದಿನ ಬಾಗಿಲು ಹಾಕಿಬಿಡುತ್ತಿದ್ದೆ.

“ಈ ಸಲ ನಾನು ಬೇಯಿಸುತ್ತೀನಿ, ನೀನು ಸುಮ್ಮನೆ ಕೂತಿರು ಮೋಳೆ,” ಅಂದಿದ್ದರು ಚೇಚಿ. (ಮೋಳೆ ಅಂದರೆ ಮಗಳೇ.)

“ಬೇಡ. ನಮ್ಮ ಮನೆಯಲ್ಲೇ ಬೇಯಲಿ,” ಅಂದೆ. ಅದಕ್ಕೆ ಯಾರೂ ಎದುರಾಡಲಿಲ್ಲ. ಗಂಡ ಹೋದವಳು ಏನು ಹೇಳಿದರೂ ಜನ ಒಪ್ಪಿಕೊಳ್ಳುತ್ತಾರೆ. ಅದರ ಅಪಾಯ ನನಗೆ ಭಾನುವಾರವೇ ತಿಳಿದದ್ದು.

ಬೆಳಗ್ಗೆ ಏಳಕ್ಕೇ ಎಲ್ಲರೂ ಹಿತ್ತಲಿಗೆ ಇಳಿದಿದ್ದರು. ಕೀಳುವವರು, ಮಣ್ಣು ಕೊಡವುವವರು, ಹೊರುವವರು, ಸಿಪ್ಪೆ ಸುಲಿಯುವವರು. ನಾನು ಒಳಗೆ ಕಾಯಿ ತುರಿಯುತ್ತಿದ್ದೆ. ಹೊರಗಿನ ನಗು ಕೇಳಿಸಿದಾಗಲೆಲ್ಲಾ ಅದರಲ್ಲಿ ಒಂದು ದನಿಯನ್ನು ಹುಡುಕುತ್ತಿದ್ದೆ. ಶಶಿ ನಡುವೆ ಎರಡು ಸಲ ಬಂದು ಬಾಗಿಲಲ್ಲಿ ನಿಂತು ಏನೋ ಹೇಳಿ ಹೋದಳು. ಹೂಂ ಅಂದೆ. ಹನ್ನೊಂದಕ್ಕೆ ಮತ್ತೆ ಬಂದಳು. ಆಗ ಸಾರಿನ ಲೋಟ ಕೈಗೆ ಕೊಟ್ಟೆ.

ಇನ್ನು ಚೇಚಿಯ ಪ್ರಶ್ನೆಗೆ ಬರುತ್ತೇನೆ.

“ಯಾವ ಸಾಲಿನದು ಬೇಯಿಸಿದೆ?”

“ಯಾವ ಸಾಲು ಅಂದರೆ? ತಂದುಕೊಟ್ಟದ್ದೆಲ್ಲಾ ಬೇಯಿಸಿದೆ.”

“ಗೋಡೆ ಪಕ್ಕದ ಸಾಲು ಕಹಿ ಮೋಳೆ. ಹೆಗ್ಗಣ ಒಳಗೆ ಬರದಿರಲಿ ಅಂತ ನಿಮ್ಮನೆಯವರು ಅದನ್ನ ಬೇರೆ ಕಡೆಯಿಂದ ತಂದು ಹಾಕಿದ್ದರು. ನಿನಗೆ ಹೇಳಿರಲಿಲ್ಲವಾ?”

ಹೇಳಿದ್ದರಾ?

ಹೇಳಿದ್ದರು. ಅದೇ ಕ್ಷಣ ನೆನಪಾಯಿತು. ಜೂನ್ ತಿಂಗಳ ಒಂದು ಸಂಜೆ. ಹಿತ್ತಲ ಬಾಗಿಲಲ್ಲಿ ಕಾಲಿನ ಕೆಸರು ತೊಳೆಯುತ್ತಾ ಇವರು, “ಗೋಡೆ ಪಕ್ಕದ ಸಾಲು ಬೇರೆ ಕಣೇ. ನೆನಪಿಟ್ಕೋ. ಅದನ್ನ...” ಅಂದಿದ್ದರು. ನಾನು ರೇಷನ್ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದೆ. ರೇಡಿಯೊ ಹಾಡುತ್ತಿತ್ತು. ಹೂಂ ಅಂದೆ.

ಅದನ್ನ? ಅದನ್ನ ಏನು ಮಾಡಬೇಕು? ಎಷ್ಟು ತಿಣುಕಿದರೂ ಅಲ್ಲಿಂದ ಮುಂದೆ ನೆನಪಿಲ್ಲ. ನಾನು ಆರಿಸಿದ ಕಲ್ಲು ನೆನಪಿದೆ. ಅವರ ಕಾಲಿನ ಕೆಸರು ನೆನಪಿದೆ. ಮಾತು ನೆನಪಿಲ್ಲ. ಕೇಳಿಸಿಕೊಂಡಿದ್ದರೆ ತಾನೇ ನೆನಪಿರುವುದು?

ಚೇಚಿಯ ಗಂಡನನ್ನು ಕರೆದರು. ಅವರ ಮುಖ ಬಿಳುಚಿತು. “ಗೋಡೆ ಪಕ್ಕದ್ದನ್ನ ಕಿತ್ತದ್ದು ನಾನೇ. ಬೇರೆ ಇರಲಿ ಅಂತ ಅಲ್ಲೇ ಗುಡ್ಡೆ ಹಾಕಿದ್ದೆ. ಕೈ ತೊಳೆದು ಬಂದು ನೋಡಿದರೆ ಗುಡ್ಡೆ ಇಲ್ಲ. ಅಡುಗೆಮನೆಗೆ ಹೋಗಿರಬೇಕು, ಬೇಯಿಸುವವರಿಗೆ ಗೊತ್ತಿರುತ್ತೆ ಅಂದುಕೊಂಡೆ.”

ಬೇಯಿಸುವವರು ಅಂದರೆ ನಾನು.

ಶಶಿ ಪೇರಲೆ ಮರದ ಕೆಳಗೆ ಕುಂಟಾಬಿಲ್ಲೆ ಆಡುತ್ತಿದ್ದಳು. ಕರೆದೆ. “ಹೊಟ್ಟೆ ನೋಯುತ್ತಾ?” ಇಲ್ಲ. “ತಲೆ ಸುತ್ತುತ್ತಾ?” ಇಲ್ಲ. “ವಾಂತಿ ಬರೋ ಹಾಗಿದೆಯಾ?” ನನ್ನನ್ನೇ ವಿಚಿತ್ರವಾಗಿ ನೋಡಿದಳು. ಮಗುವಿಗೆ ಏನೂ ಹೇಳಬಾರದು, ಹೆದರಿಕೊಂಡರೆ ಇನ್ನೂ ಕಷ್ಟ ಅಂತ ಚೇಚಿ ನನ್ನ ಕೈ ಒತ್ತಿದರು. ನಾನೂ ಹೇಳಲಿಲ್ಲ.

ಜಂಕ್ಷನ್ ಹತ್ತಿರ ಒಬ್ಬರು ಡಾಕ್ಟರು ಮನೆಯಲ್ಲೇ ನೋಡುತ್ತಾರೆ. ನಡೆದರೆ ಹತ್ತು ನಿಮಿಷ. ಅವತ್ತು ಎಷ್ಟು ಹೊತ್ತಾಯಿತೋ. ಆರು ತಿಂಗಳ ಮಗುವಿನ ಹಾಗೆ ಅವಳನ್ನು ಎತ್ತಿಕೊಂಡೆ. ಕಾಲು ನೆಲಕ್ಕೆ ತಾಗುವಷ್ಟು ಉದ್ದದ ಹುಡುಗಿ. “ಅಮ್ಮ, ಎಲ್ಲರೂ ನೋಡ್ತಿದ್ದಾರೆ,” ಅಂದಳು. ನೋಡಲಿ.

ಡಾಕ್ಟರು ನಾಡಿ ಹಿಡಿದರು. ಕಣ್ಣು ನೋಡಿದರು. ನಾಲಿಗೆ ನೋಡಿದರು. ಅವಳನ್ನು ಹೊರಗೆ ಕೂರಿಸಿ ನನ್ನನ್ನು ಕೇಳಿದರು.

“ಸಿಹಿ ಜಾತಿಯದಾ, ಕಹಿಯದಾ?”

“ಗೊತ್ತಿಲ್ಲ ಡಾಕ್ಟರ್. ಎರಡೂ ಸೇರಿರಬಹುದು.”

“ಸಿಹಿಯದಾದರೆ ಎರಡು ಲೋಟಕ್ಕೆ ಇಷ್ಟು ಹೆದರಬೇಕಾಗಿಲ್ಲ. ಕಹಿಯದಾದರೆ ಹೇಳುವ ಹಾಗಿಲ್ಲ. ಈಗ ಏನೂ ಕಾಣುತ್ತಿಲ್ಲ. ನಾಲ್ಕು ಗಂಟೆವರೆಗೆ ಕಣ್ಣು ತೆಗೆಯದೆ ನೋಡಿ. ಮಲಗಲು ಬಿಡಬೇಡಿ. ವಾಂತಿ, ತಲೆಸುತ್ತು, ಏದುಸಿರು, ಸ್ವಲ್ಪ ಕಂಡರೂ ನೇರ ಆಸ್ಪತ್ರೆ. ಒಂದು ಟ್ಯಾಕ್ಸಿಯನ್ನು ಬಾಗಿಲಲ್ಲೇ ನಿಲ್ಲಿಸಿಕೊಳ್ಳಿ.”

ಒಂದೇ ಪ್ರಶ್ನೆ. ಸಿಹಿಯೋ, ಕಹಿಯೋ. ಎರಡನ್ನೂ ಬೇರೆ ಮಾಡಬಲ್ಲವರು ಒಬ್ಬರಿದ್ದರು. ಒಂಬತ್ತು ತಿಂಗಳ ಹಿಂದೆ ಅವರೇ ಬಾಯಿಬಿಟ್ಟು ಹೇಳಿದ್ದರು.

ಕುರುಪ್ ಸಾರ್ ಹೋಗಿ ಟ್ಯಾಕ್ಸಿ ಕರೆತಂದರು. ಡ್ರೈವರ್ ವಯಸ್ಸಾದವನು, ಮಾತುಗಾರ. ಗೇಟಿನ ಬಳಿ ನಿಲ್ಲಿಸಿ ಇಳಿದು ಬಂದು ವಿಷಯವೇನು ಅಂತ ಕೇಳಿದ. ಯಾರೋ ಹೇಳಿದರು.

“ಮರಚ್ಚೀನಿ ನೀರಾ? ನಮ್ಮ ಅತ್ತೆ ಮನೆಯಲ್ಲಿ ಒಂದು ಹಸು ಆ ನೀರು ಕುಡಿದು, ಒಂದು ಗಂಟೆ ಸರಿಯಾಗೇ ಇತ್ತು ನೋಡಿ, ಆಮೇಲೆ...”

“ಏ! ಹೋಗಿ ಗಾಡಿಯಲ್ಲಿ ಕೂತುಕೋ!” ಅಂತ ಐದಾರು ಜನ ಒಟ್ಟಿಗೆ ಕೂಗಿದರು. ಅವನು ಹೋಗಿ ಕೂತ. ಆದರೆ ನನಗೆ ಆ ಒಂದು ಗಂಟೆ ಅನ್ನುವುದು ಕಿವಿಯಲ್ಲಿ ಉಳಿಯಿತು. ಗಡಿಯಾರ ನೋಡಿದೆ. ಶಶಿ ಸಾರು ಕುಡಿದು ಒಂದೂವರೆ ಗಂಟೆಯಾಗಿತ್ತು. ಹಸು ಆಗಿದ್ದರೆ?

ನಮ್ಮ ವರಾಂಡದಲ್ಲೇ ಎಲ್ಲರೂ ಕೂತರು. ಬೆಂದ ಮರಚ್ಚೀನಿ ಒಳಗೆ ತಣ್ಣಗಾಗುತ್ತಿತ್ತು. ಬಾಳೆಲೆ ಬಾಡುತ್ತಿತ್ತು. ಚೇಚಿಯ ಮನೆಯ ಮೀನಿನ ಸಾರು, ಇನ್ನೊಂದು ಮನೆಯ ಕಾಂತಾರಿ ಮೆಣಸಿನ ಚಟ್ನಿ, ಕುರುಪ್ ಸಾರ್ ಮನೆಯ ಪಾಯಸ, ಎಲ್ಲಾ ಮುಚ್ಚಿಟ್ಟ ಹಾಗೇ ಇತ್ತು. ಯಾರೂ ತಮ್ಮ ಮನೆಗೆ ಹೋಗಿ ಒಂದು ತುತ್ತು ತಿಂದು ಬರಲಿಲ್ಲ. ಬೆಳಗಿನಿಂದ ಮಣ್ಣು ಅಗೆದವರು. ಹಸಿವಾಗಿರಲಿಲ್ಲವೇ?

ಕುರುಪ್ ಸಾರ್ ತಿಪ್ಪೆಯಿಂದ ಸಿಪ್ಪೆಗಳನ್ನು ಒಂದು ಮೊರದಲ್ಲಿ ತುಂಬಿಕೊಂಡು ಬಂದರು. ಶಶಿಗೆ ಕೇಳಿಸದಿರಲಿ ಅಂತ ಅಂಗಳದ ತುದಿಯಲ್ಲಿ ನಿಂತು, ಕನ್ನಡಕ ಹಣೆಗೇರಿಸಿ ಒಂದೊಂದನ್ನೇ ಬಿಸಿಲಿಗೆ ಹಿಡಿದು ನೋಡಿದರು.

“ಇದು ಕೆಂಪು. ಇದು ಬಿಳಿ. ಇದು... ಇದೂ ಕೆಂಪೇ ಅನ್ನಬೇಕು.”

“ಕೆಂಪಿನದು ಕಹಿಯಾ ಸಾರ್?” ಅಂತ ಎದ್ದು ಹೋಗಿ ಮೆಲ್ಲಗೆ ಕೇಳಿದೆ.

“ಹಾಗೂ ಹೇಳುವ ಹಾಗಿಲ್ಲ.”

“ಹಾಗಾದರೆ ಯಾಕೆ ನೋಡುತ್ತೀರಿ?” ಅಂದರು ಚೇಚಿ, ಸಿಡುಕಿ.

ಸಾರ್ ಇನ್ನೊಂದು ಸಿಪ್ಪೆ ಎತ್ತಿಕೊಂಡರು. ನೋಡುತ್ತಲೇ ಇದ್ದರು. ಸುಮ್ಮನೆ ಕೂರಲು ಆಗದವರು ಏನಾದರೂ ಮಾಡಲೇಬೇಕಲ್ಲ. ಚೇಚಿ ಸಾರನ್ನು ಅಲ್ಲಿಗೇ ತಂದು ಒಂದು ಹನಿ ನಾಲಿಗೆಗೆ ಹಾಕಿ ಉಗಿದರು. “ಇಷ್ಟು ಖಾರ, ಇಷ್ಟು ಹುಳಿ! ಇದರಲ್ಲಿ ಕಹಿ ಎಲ್ಲಿ ಅಂತ ಹುಡುಕಲಿ? ಮೋಳೆ, ನೀನು ವಿಷವನ್ನೂ ರುಚಿ ಮಾಡಿಬಿಡುತ್ತೀಯ!” ಅಂದರು. ಅಂದಮೇಲೆ ತಮ್ಮ ಬಾಯನ್ನು ತಾವೇ ಮುಚ್ಚಿಕೊಂಡರು.

ನಾನು ಮತ್ತೆ ಶಶಿಯ ಪಕ್ಕದಲ್ಲಿ ಕೂತು ಅವಳ ಉಸಿರು ಎಣಿಸುತ್ತಿದ್ದೆ. ಅವಳು ಆಕಳಿಸಿದರೆ ಎದೆ ಹಾರುತ್ತಿತ್ತು. ಕಣ್ಣು ಉಜ್ಜಿದರೆ ಹಾರುತ್ತಿತ್ತು. ನೀರು ಕೇಳಿದಳು, ಹಾರಿತು. ಒಂದು ಗಂಟೆಗೆ ಅವಳ ಕೈ ತಣ್ಣಗಿದೆ ಅನಿಸಿತು. ನೋಡಿದರೆ ತಣ್ಣಗಿದ್ದದ್ದು ನನ್ನ ಕೈ.

ಹೋದ ವರ್ಷ ಆ ಸಂಜೆ ಹೀಗೆ ಕಾಯಲು ನನಗೆ ಅವಕಾಶವೇ ಸಿಗಲಿಲ್ಲ. ಕಾಫಿ ತರುವಷ್ಟರಲ್ಲಿ ಮುಗಿದಿತ್ತು. ಸ್ವಲ್ಪ ಹೊತ್ತು ಸಿಕ್ಕಿದ್ದರೆ, ಓಡಬಹುದಿತ್ತು, ಟ್ಯಾಕ್ಸಿ ನಿಲ್ಲಿಸಿಕೊಳ್ಳಬಹುದಿತ್ತು ಅಂತ ಏಳು ತಿಂಗಳು ಕೊರಗಿದ್ದೆ. ಈಗ ಹೊತ್ತು ಸಿಕ್ಕಿತ್ತು. ನಾಲ್ಕು ಗಂಟೆ ಹೊತ್ತು. ಅದರಲ್ಲಿ ಏನು ಮಾಡಬಹುದು? ಏನೂ ಇಲ್ಲ. ನೋಡುತ್ತಾ ಕೂರಬಹುದು.

ಎರಡು ಗಂಟೆಯಾಯಿತು. ಎರಡೂವರೆಯಾಯಿತು. ಟ್ಯಾಕ್ಸಿ ಡ್ರೈವರ್ ಗೇಟಿನಿಂದಲೇ ಸನ್ನೆಯಲ್ಲಿ ಕೇಳುತ್ತಿದ್ದ, ಹೇಗಿದ್ದಾಳೆ ಅಂತ. ಯಾರೋ ತಲೆ ಆಡಿಸುತ್ತಿದ್ದರು. ಶಶಿಗೆ ನಿದ್ದೆ ತೂಗಿತು. ನಾನು ಅಲ್ಲಾಡಿಸಿದೆ. ಮತ್ತೆ ತೂಗಿತು. ಈ ಸಲ ಜೋರಾಗಿ ಅಲ್ಲಾಡಿಸಿದೆ.

ಅವಳು ಅಳಲು ಶುರು ಮಾಡಿದಳು.

ನಮ್ಮ ಶಶಿ ಮಲಯಾಳಂ ಸ್ಕೂಲಿಗೆ ಹೋಗುವವಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲಾ ಮಲಯಾಳಂನಲ್ಲೇ ಉತ್ತರ. ಅಪ್ಪನ ಜೊತೆ ಮಾತ್ರ ಕನ್ನಡ ಆಡುತ್ತಿದ್ದಳು. ಏಳು ತಿಂಗಳಿಂದ ಅದೂ ಕಡಿಮೆಯಾಗಿತ್ತು. ಈಗ ಅಳುತ್ತಾ ಕನ್ನಡದಲ್ಲೇ ಕೇಳಿದಳು.

“ನಾನೇನು ತಪ್ಪು ಮಾಡಿದೆ ಅಮ್ಮ? ಯಾಕೆ ಎಲ್ಲರೂ ನನ್ನನ್ನೇ ನೋಡ್ತಾ ಕೂತಿದೀರಾ? ಎರಡನೇ ಲೋಟ ಕೇಳಿದ್ದಕ್ಕಾ?”

ಎಲ್ಲರಿಗಿಂತ ಮೊದಲೇ ಉಂಡಳು ಅಂತ ಶಿಕ್ಷೆ ಕೊಡುತ್ತಿದ್ದೇವೆ ಅಂದುಕೊಂಡಿದ್ದಳು ಮಗು! ಮೂರು ಗಂಟೆ ಹೊತ್ತು ಹಾಗೇ ಅಂದುಕೊಂಡು ಕೂತಿದ್ದಳು.

ನನಗೆ ಇನ್ನು ತಡೆಯಲಾಗಲಿಲ್ಲ. ಚೇಚಿ ಬೇಡ ಬೇಡ ಅಂತ ಕಣ್ಣು ಮಾಡುತ್ತಿದ್ದರು. ಹೇಳಿಬಿಟ್ಟೆ.

“ನೀನೇನೂ ಮಾಡಿಲ್ಲ ಕಂದ. ಮಾಡಿದ್ದು ನಾನು. ಗೋಡೆ ಪಕ್ಕದ ಸಾಲು ಕಹಿಯಂತೆ. ಅದನ್ನೂ ಸೇರಿಸಿ ಬೇಯಿಸಿಬಿಟ್ಟೆ. ನಿನಗೇನಾದರೂ ಆಗುತ್ತೋ ಅಂತ...”

ಅಳು ನಿಂತಿತು. ಅವಳು ಕಣ್ಣು ಒರೆಸಿಕೊಂಡಳು.

“ಗೋಡೆ ಪಕ್ಕದ್ದಾ? ಅದು ಬಚ್ಚಲ ಹಿಂದೆ ಇದೆಯಲ್ಲ!”

“ಏನು?”

“ನಾನೇ ಬುಟ್ಟಿಯಲ್ಲಿ ಹೊತ್ತು ಹಾಕಿದೆ. ಮೂರು ಸಲ ಹೊತ್ತೆ. ಮೇಲೆ ಗೋಣಿ ಮುಚ್ಚಿದೀನಿ. ಅಪ್ಪ ಹೇಳಿತ್ತಲ್ಲ, ಅದನ್ನ ಬೇರೆಯದರ ಜೊತೆ ಸೇರಿಸಬಾರದು ಅಂತ. ನಿನಗೆ ಬಂದು ಹೇಳಿದೆ ಅಮ್ಮ. ಎರಡು ಸಲ ಹೇಳಿದೆ. ನೀನು ಹೂಂ ಅಂದೆ.”

ವರಾಂಡದಲ್ಲಿದ್ದವರೆಲ್ಲಾ ಎದ್ದು ಬಚ್ಚಲ ಹಿಂದಕ್ಕೆ ಓಡಿದರು. ಕುರುಪ್ ಸಾರ್ ಮೊರ ಹಿಡಿದುಕೊಂಡೇ ಓಡಿದರು. ಗೋಣಿಚೀಲ ಎತ್ತಿದರೆ ಇತ್ತು. ಮಣ್ಣು ಮೆತ್ತಿದ ಗೆಡ್ಡೆಗಳ ದೊಡ್ಡ ಗುಡ್ಡೆ. ಚೇಚಿಯ ಗಂಡ ಕೂತು ಬುಡಗಳನ್ನೆಲ್ಲಾ ಎಣಿಸಿದರು. ಗೋಡೆ ಪಕ್ಕದ ಗುಂಡಿಗಳನ್ನೂ ಹೋಗಿ ಎಣಿಸಿ ಬಂದರು. ಸರಿಯಾಗಿತ್ತು. ಒಂದೂ ಕಡಿಮೆಯಿರಲಿಲ್ಲ. ಅವರು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

ಚೇಚಿ ಶಶಿಯನ್ನು ಎತ್ತಿ, ಬೈದು, ಮುದ್ದಾಡಿ, ಮತ್ತೆ ಬೈದರು. “ಮೊದಲೇ ಹೇಳಬಾರದಿತ್ತಾ ನಿನಗೆ?”

“ಯಾರೂ ಕೇಳಲಿಲ್ಲ,” ಅಂದಳು ಶಶಿ. ಈಗ ಮಲಯಾಳಂನಲ್ಲಿ.

ನಿಜ. ಹೊಟ್ಟೆ ನೋಯುತ್ತಾ, ತಲೆ ಸುತ್ತುತ್ತಾ ಅಂತ ಐವತ್ತು ಸಲ ಕೇಳಿದ್ದೆವು. ಗೋಡೆ ಪಕ್ಕದ ಗುಡ್ಡೆಯ ಬಗ್ಗೆ ದೊಡ್ಡವರನ್ನೆಲ್ಲಾ ಕೇಳಿದ್ದೆವು. ಅವಳನ್ನು ಕೇಳಲಿಲ್ಲ. ಅವಳು ಮಗು, ಅವಳಿಗೇನು ಗೊತ್ತಿರುತ್ತೆ?

ಆದರೂ ನಾಲ್ಕು ಗಂಟೆವರೆಗೆ ಟ್ಯಾಕ್ಸಿಯನ್ನು ಕಳಿಸಲಿಲ್ಲ. ಡಾಕ್ಟರು ಹೇಳಿದ್ದು ನಾಲ್ಕು. ಸಿಹಿ ಜಾತಿಯ ನೀರಾದರೂ ಚೆಲ್ಲಬೇಕಾದ ನೀರೇ ತಾನೇ? ನನ್ನ ಭಯ ಅಷ್ಟು ಬೇಗ ಇಳಿಯುವುದಲ್ಲ. ನಾಲ್ಕು ಹೊಡೆದ ಮೇಲೆ ಅವಳನ್ನು ಮತ್ತೆ ಡಾಕ್ಟರ ಬಳಿ ತೋರಿಸಿ ಬಂದೆ. ಈ ಸಲ ನಡೆಸಿಕೊಂಡೇ ಹೋದೆ. “ಆಡಲು ಬಿಡಿ,” ಅಂದರು.

ಮನೆಗೆ ಬಂದು ಆ ಪಾತ್ರೆಯನ್ನು ತೆಂಗಿನ ಬುಡಕ್ಕೆ ಹೊತ್ತುಕೊಂಡು ಹೋಗಿ ಬಗ್ಗಿಸಿದೆ. ನನ್ನ ಕೈಯಾರೆ ಸಾರು ಚೆಲ್ಲಿದ್ದು ಅದೇ ಮೊದಲು. ನಮ್ಮಮ್ಮ ಇದ್ದಿದ್ದರೆ?

ಚೇಚಿ ಮರಚ್ಚೀನಿಯನ್ನು ಹೊಸ ನೀರಿನಲ್ಲಿ ಇನ್ನೊಮ್ಮೆ ಕುದಿಸಿ ಬಸಿದರು. ನಾನು ಪಕ್ಕದಲ್ಲೇ ನಿಂತು ನೋಡಿದೆ. ನೀರು ಹೇಗೆ ಚೆಲ್ಲುತ್ತಾರೆ ಅಂತ ಮೂವತ್ತಾರನೆಯ ವಯಸ್ಸಿನಲ್ಲಿ ಕಲಿತೆ. ಬಾಡಿದ ಬಾಳೆಲೆಯ ಮೇಲೆ ಐದು ಗಂಟೆಗೆ ಎಲ್ಲರೂ ಕೂತೆವು. ಕಾಂತಾರಿ ಚಟ್ನಿಯ ಖಾರಕ್ಕೆ ಎಲ್ಲರ ಕಣ್ಣಲ್ಲೂ ನೀರು ಬಂತು. ನನ್ನದು ಯಾವುದು ಅಂತ ಯಾರಿಗೂ ತಿಳಿಯಲಿಲ್ಲ. ಟ್ಯಾಕ್ಸಿ ಡ್ರೈವರನ್ನೂ ಕರೆದು ಕೂರಿಸಿದರು. ಮೂರು ಸಲ ಹಾಕಿಸಿಕೊಂಡು, ಆ ಹಸುವಿನ ಕಥೆಯನ್ನು ಪೂರ್ತಿ ಹೇಳಿದ. ಹಸು ಬದುಕಿತ್ತಂತೆ. ಈಗಲೂ ಹಾಲು ಕೊಡುತ್ತಿದೆಯಂತೆ.

“ಇದನ್ನ ಮಧ್ಯಾಹ್ನವೇ ಹೇಳಬಾರದಿತ್ತಾ?” ಅಂದೆ.

“ಹೇಳಲು ಬಿಟ್ಟಿರಾ?” ಅಂದ.

ಊಟ ಮುಗಿಯುವಾಗ ಶಶಿಯನ್ನು ಕೇಳಿದೆ. ಏಳು ತಿಂಗಳಿಂದ ಯಾರನ್ನು ಕೇಳಬೇಕೋ ತಿಳಿಯದೆ ಇದ್ದ ಮಾತಲ್ಲ ಅದು. ಬರೀ ಅವತ್ತು ಮಧ್ಯಾಹ್ನ ಹುಟ್ಟಿದ ಪ್ರಶ್ನೆ. ಆದರೂ ಕೈಯಲ್ಲಿದ್ದ ತುತ್ತನ್ನು ಎಲೆಗಿಟ್ಟು ಕೇಳಿದೆ.

“ಆ ಗೋಡೆ ಪಕ್ಕದ್ದನ್ನ ಏನು ಮಾಡಬೇಕು ಅಂತ ಅಪ್ಪ ಹೇಳಿದ್ದರು?”

ಅವಳು ಬೆರಳು ಮಡಿಸುತ್ತಾ ಹೇಳಿದಳು. ಸಿಪ್ಪೆ ತೆಗೆದು ತೆಳ್ಳಗೆ ಬಿಲ್ಲೆ ಮಾಡಬೇಕು. ಬೇಯಿಸಿ ನೀರು ಚೆಲ್ಲಬೇಕು, ಮತ್ತೆ ಬೇಯಿಸಿ ಚೆಲ್ಲಬೇಕು. ಚಾಪೆ ಮೇಲೆ ಬಿಸಿಲಿಗೆ ಹಾಕಿ ಕಲ್ಲಿನ ಹಾಗೆ ಒಣಗಿಸಬೇಕು. ಮಳೆಗಾಲದಲ್ಲಿ ತರಕಾರಿ ಸಿಗದಿದ್ದಾಗ ಆರು ಮನೆಗೂ ಹಂಚಬೇಕು. ತಿನ್ನುವ ಮುಂಚೆ ಮತ್ತೆ ನೆನೆಹಾಕಿ, ಬೇಯಿಸಿ, ಚೆಲ್ಲಬೇಕು.

“ಇಷ್ಟೆಲ್ಲಾ ಹೇಳಿದರಾ?”

“ಹೂಂ. ಕಡ್ಡಿ ನೆಡುವಾಗ. ನಾನು ಕೊಡೆ ಹಿಡಿದಿದ್ದೆ.”

ಜೂನ್‌ನಲ್ಲಿ ನಿಂತು ಅವರು ಮುಂದಿನ ಜೂನ್‌ನ ಊಟದ ಬಗ್ಗೆ ಯೋಚಿಸಿದ್ದರು. ಓಣಂ ನೋಡಲಿಲ್ಲ.

ತುಮಕೂರಿನಿಂದ ಅಣ್ಣ ಕಾಗದ ಬರೆದಿದ್ದಾನೆ. ಸ್ಕೂಲಿಗೆ ರಜ ಬಂದ ತಕ್ಷಣ ಸಾಮಾನು ಕಟ್ಟಿಕೊಂಡು ಬಂದುಬಿಡು ಅಂತ. ಇನ್ನೂ ಉತ್ತರ ಬರೆದಿಲ್ಲ. ಒಣಗಿಸುವುದೇನೋ ಒಣಗಿಸುತ್ತಿದ್ದೇವೆ. ಮಳೆಗಾಲದಲ್ಲಿ ಹಂಚುವಾಗ ಆರು ಮನೆ ಇರುತ್ತದೋ ಐದೋ, ನನಗೇ ಗೊತ್ತಿಲ್ಲ. ಈ ಭಯಕ್ಕೆ ನಾಲ್ಕು ಗಂಟೆ ಅಂತ ಗಡುವು ಕೊಡುವ ಡಾಕ್ಟರಿಲ್ಲ.

ಇದನ್ನು ತಾರಸಿಯ ಮೇಲೆ ಕೂತು ಬರೆಯುತ್ತಿದ್ದೇನೆ. ಸುತ್ತಲೂ ಚಾಪೆ. ಚಾಪೆಯ ತುಂಬ ಬಿಲ್ಲೆಗಳು. ಆರು ಮನೆಯವರೂ ಸರದಿಯಲ್ಲಿ ಕಾಗೆ ಕಾಯುತ್ತೇವೆ. ಇವತ್ತು ನನ್ನ ಸರದಿ. ಮೊದಲೆರಡು ದಿನ ಮೆತ್ತಗಿದ್ದವು, ಈಗ ಒಂದನ್ನೊಂದು ತಾಗಿದರೆ ಟಕ್ ಅನ್ನುತ್ತವೆ.

ಏನು ಕಲಿತೆ ಅಂತ ನೀವು ಕೇಳಬಹುದು. ನೀರು ಚೆಲ್ಲುವುದನ್ನು ಕಲಿತೆ. ಅದು ಸುಲಭ. 

ಇವರು ಹತ್ತು ವರ್ಷ ನನ್ನ ಬೆನ್ನಿಗೆ ಎಷ್ಟು ಮಾತು ಹೇಳಿದ್ದರೋ. ಹಿತ್ತಲ ಬಾಗಿಲಲ್ಲಿ, ಬಚ್ಚಲಿನಿಂದ, ಕನ್ನಡಿ ಮುಂದೆ ತಲೆ ಬಾಚುತ್ತಾ. ಎಲ್ಲಕ್ಕೂ ನಾನು ಹೂಂ ಅಂದಿದ್ದೇನೆ. ಅದರಲ್ಲಿ ಒಂದು ಮಾತು ಮಗಳ ಹತ್ತಿರ ಸಿಕ್ಕಿತು. ಉಳಿದದ್ದು ಯಾರ ಹತ್ತಿರ ಇದೆ? ಅವರೇನೂ ದೊಡ್ಡ ಮಾತಾಡುವವರಲ್ಲ. ಪೆನ್ನಿಗೆ ಇಂಕು ಮುಗಿದಿದೆ, ಬಸ್ಸು ತಡವಾಯಿತು, ಗೋಡೆ ಪಕ್ಕದ ಸಾಲು ಬೇರೆ ಕಣೇ. ಇಂಥವೇ. ಈಗ ಅವೇ ಬೇಕು.

ಶಶಿ ಸ್ಕೂಲಿನಿಂದ ಬಂದಿರಬೇಕು, ಕೆಳಗೆ ಚೀಲ ಎಸೆದ ಸದ್ದು. ಮೆಟ್ಟಿಲು ಹತ್ತುತ್ತಲೇ ಏನೋ ಹೇಳಲು ಶುರು ಮಾಡಿದ್ದಾಳೆ.

ಪೆನ್ನು ಕೆಳಗಿಡುತ್ತೇನೆ.